ಔಷಧಕ್ಕೆ ಮಣಿಯದ ಕ್ಷಯ: ರೋಗಿಯ ಆಯುಷ್ಯವನ್ನು ನಿರ್ಧರಿಸುವವರು ಯಾರು?

ಕ್ಷಯ ಗುಣವಾಗುವ ರೋಗ. ಸರಕಾರಿ ಆಸ್ಪತ್ರೆಗಳ ಗೋಡೆಗಳ ಮೇಲೆ ಈ ಮಾತನ್ನು ಓದುತ್ತಲೇ ನಾವೆಲ್ಲ ಬೆಳೆದಿದ್ದೇವೆ. ಮಾತು ಸುಳ್ಳಲ್ಲ. ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಈ ರೋಗದ ಕ್ರಿಮಿಯನ್ನು ಜಗತ್ತಿಗೆ ಪರಿಚಯಿಸಿದರು. 1940ರ ದಶಕದಿಂದಲೇ ಅದನ್ನು ಕೊಲ್ಲುವ ಔಷಧಗಳು ನಮ್ಮ ಕೈಯಲ್ಲಿವೆ. ಹೀಗಿದ್ದೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಾದ್ಯಂತ ಒಂದು ಕೋಟಿಗೂ ಹೆಚ್ಚು ಜನರನ್ನು ಕ್ಷಯ ಬಾಧಿಸಿತು. ಸುಮಾರು 12.5 ಲಕ್ಷ ಮಂದಿ ಅಸುನೀಗಿದರು. ರೋಗಪೀಡಿತರಲ್ಲಿ ನಾಲ್ವರಲ್ಲಿ ಒಬ್ಬರು ಭಾರತೀಯರು. ಗುಣವಾಗುವ ರೋಗದಿಂದ ಇಷ್ಟು ಮಂದಿ ಸಾಯುತ್ತಿದ್ದಾರೆಂದರೆ ಕೊಲ್ಲುತ್ತಿರುವುದು ರೋಗವೊಂದೇ ಅಲ್ಲ ಎಂದೇ ಅರ್ಥ.

ಈ ಮಾತು ಇನ್ನಷ್ಟು ಸ್ಪಷ್ಟವಾಗುವುದು ಔಷಧಕ್ಕೆ ಮಣಿಯದ ಕ್ಷಯದ ವಿಷಯದಲ್ಲಿ. ರಿಫಾಂಪಿಸಿನ್ ಮತ್ತು ಐಸೋನಿಯಜಿಡ್ ಎಂಬವು ಕ್ಷಯ ಚಿಕಿತ್ಸೆಯ ಎರಡು ಆಧಾರಸ್ತಂಭಗಳು. ಇವೆರಡಕ್ಕೂ ಬಗ್ಗದಷ್ಟು ಕ್ರಿಮಿ ಬಲಿತರೆ ಅದನ್ನು ವೈದ್ಯರು ಎಂಡಿಆರ್ ಕ್ಷಯ ಎನ್ನುತ್ತಾರೆ. 2023ರಲ್ಲಿ ಇಂತಹ, ಅಥವಾ ರಿಫಾಂಪಿಸಿನ್ ಒಂದಕ್ಕಾದರೂ ಬಗ್ಗದ, ಕ್ಷಯಕ್ಕೆ ತುತ್ತಾದವರ ಸಂಖ್ಯೆ ಜಗತ್ತಿನಲ್ಲಿ ಸುಮಾರು ನಾಲ್ಕು ಲಕ್ಷ. ಅವರಲ್ಲಿಯೂ ಕಾಲು ಭಾಗಕ್ಕಿಂತ ಹೆಚ್ಚು ಮಂದಿ ನಮ್ಮ ದೇಶದವರು. ಚಿಕಿತ್ಸೆಗೆ ಒಳಪಟ್ಟವರಲ್ಲಿ ಮೂವರಲ್ಲಿ ಇಬ್ಬರಷ್ಟೇ ಯಶಸ್ವಿಯಾಗಿ ಗುಣ ಹೊಂದುತ್ತಿದ್ದಾರೆ. ಉಳಿದ ಒಬ್ಬ ಸಾಯುತ್ತಾನೆ, ಇಲ್ಲವೇ ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟು ಕಣ್ಮರೆಯಾಗುತ್ತಾನೆ, ಇಲ್ಲವೇ ಔಷಧ ಫಲಿಸದೆ ನರಳುತ್ತಾನೆ. ಒಂದೇ ಕ್ರಿಮಿ, ಹೆಚ್ಚುಕಡಿಮೆ ಒಂದೇ ಔಷಧ. ಆದರೂ ಒಬ್ಬ ಬದುಕುತ್ತಾನೆ, ಇನ್ನೊಬ್ಬ ಸಾಯುತ್ತಾನೆ. ಏಕೆ? ಇದು ವೈದ್ಯಶಾಸ್ತ್ರದ ಪ್ರಶ್ನೆ ಮಾತ್ರವಲ್ಲ, ನ್ಯಾಯದ ಪ್ರಶ್ನೆಯೂ ಹೌದು.

ಈ ರೋಗದ ಕುರಿತು ಸಮಾಜದಲ್ಲಿ ಬೇರೂರಿರುವ ಒಂದು ತಪ್ಪು ಕಲ್ಪನೆಯನ್ನು ಮೊದಲು ನಿವಾರಿಸಿಕೊಳ್ಳಬೇಕು. 'ಮಾತ್ರೆಯನ್ನು ಸರಿಯಾಗಿ ನುಂಗಲಿಲ್ಲ, ಅದಕ್ಕೇ ಹೀಗಾಯಿತು' ಎಂಬುದು ರೋಗಿಯ ಕುರಿತು ಎಲ್ಲೆಡೆ ಕೇಳಿಬರುವ ಮಾತು. ಚಿಕಿತ್ಸೆಯನ್ನು ನಡುವೆ ನಿಲ್ಲಿಸಿದರೆ ಕ್ರಿಮಿ ಬಲಿಯುತ್ತದೆ ಎಂಬುದು ನಿಜ. ಆದರೆ 2014ರಿಂದ 2016ರವರೆಗೆ ನಮ್ಮ ದೇಶದಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆ ಇನ್ನೊಂದು ಸತ್ಯವನ್ನು ಮುಂದಿಟ್ಟಿತು. ಈ ಹಿಂದೆ ಕ್ಷಯಕ್ಕೆ ಚಿಕಿತ್ಸೆಯನ್ನೇ ಪಡೆಯದ ಹೊಸ ರೋಗಿಗಳಲ್ಲಿಯೂ ಶೇ. 2.84ರಷ್ಟು ಮಂದಿಯಲ್ಲಿ ಎಂಡಿಆರ್ ಕ್ರಿಮಿಯಿತ್ತು. ಹಿಂದೆ ಚಿಕಿತ್ಸೆ ಪಡೆದವರಲ್ಲಿ ಈ ಪ್ರಮಾಣ ಶೇ. 11.62. ಅಂದರೆ ಸಾವಿರಾರು ಜನರಿಗೆ ಬಲಿತ ಕ್ರಿಮಿ ನೇರವಾಗಿ ಗಾಳಿಯ ಮೂಲಕವೇ ಬಂದು ಸೇರಿದೆ. ಬಸ್ಸಿನಲ್ಲಿ, ಕಾರ್ಖಾನೆಯಲ್ಲಿ, ಕಿಟಕಿಯಿಲ್ಲದ ಮನೆಯಲ್ಲಿ, ಆಸ್ಪತ್ರೆಯ ಇಕ್ಕಟ್ಟಾದ ಓಣಿಯಲ್ಲಿ ಅವರು ಉಸಿರಾಡಿದ್ದೇ ಅವರು ಮಾಡಿದ ತಪ್ಪು. ಇಂತಹವರನ್ನು ಅಪರಾಧಿಗಳಂತೆ ಕಾಣುವುದು ಅನ್ಯಾಯವಲ್ಲದೆ ಇನ್ನೇನು?

ಇನ್ನು ಕ್ರಿಮಿಯನ್ನು ಬಲಿಯಗೊಟ್ಟವರು ಯಾರು? 1991ರಲ್ಲಿ ಮುಂಬೈಯ ಧಾರಾವಿಯಲ್ಲಿ ಸುಮಾರು ನೂರು ಖಾಸಗಿ ವೈದ್ಯರನ್ನು ಕ್ಷಯಕ್ಕೆ ಯಾವ ಔಷಧ ಬರೆಯುತ್ತೀರಿ ಎಂದು ಕೇಳಲಾಯಿತು. ಅವರು ಬರೆದುಕೊಟ್ಟ ಚಿಕಿತ್ಸಾಕ್ರಮಗಳು 80 ಬಗೆಯವು! ಸುಮಾರು ಎರಡು ದಶಕಗಳ ಬಳಿಕ, 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಅದೇ ಧಾರಾವಿಯ 106 ವೈದ್ಯರ ಪೈಕಿ ಸರಿಯಾದ ಚೀಟಿ ಬರೆದವರು ಕೇವಲ ಆರು ಮಂದಿ. ರೋಗಿ ಅನಕ್ಷರಸ್ಥನಾಗಿದ್ದರೆ ಅದನ್ನು ಅಜ್ಞಾನ ಎನ್ನುತ್ತೇವೆ. ಪದವಿ ಪಡೆದವರ ಈ ಅಜ್ಞಾನವನ್ನು ಏನೆಂದು ಕರೆಯಬೇಕು? 2012ರ ಜನವರಿಯಲ್ಲಿ ಮುಂಬೈಯ ಆಸ್ಪತ್ರೆಯೊಂದರ ವೈದ್ಯರು, ಲಭ್ಯವಿದ್ದ ಯಾವ ಔಷಧಕ್ಕೂ ಬಗ್ಗದ ಕ್ಷಯ ತಮ್ಮ 12 ರೋಗಿಗಳಲ್ಲಿ ಕಂಡುಬಂದಿದೆಯೆಂದು ಬಹಿರಂಗಪಡಿಸಿದಾಗ ದೇಶ ಬೆಚ್ಚಿಬಿದ್ದಿತು. ಎಲ್ಲ ವೈದ್ಯರೂ ಆಸ್ಪತ್ರೆಗಳೂ ಕ್ಷಯರೋಗಿಗಳ ಮಾಹಿತಿಯನ್ನು ಸರಕಾರಕ್ಕೆ ಕೊಡಲೇಬೇಕೆಂಬ ಆದೇಶ ಹೊರಬಿದ್ದದ್ದು ಆ ವರ್ಷ. ಬೆಂಕಿ ಹತ್ತಿದ ಮೇಲೆ ಬಾವಿ ತೋಡುವ ನಮ್ಮ ಆಡಳಿತದ ಹಳೆಯ ಚಾಳಿ ಇಲ್ಲಿಯೂ ಬದಲಾಗಲಿಲ್ಲ.

ರೋಗಿ ಉಳಿಯುವನೇ ಇಲ್ಲವೇ ಎಂಬುದನ್ನು ನಿರ್ಧರಿಸುವ ಮೊದಲ ಅಂಶ ಕಾಲ. ದಕ್ಷಿಣ ಆಫ್ರಿಕಾದ ಟುಗೆಲಾ ಫೆರ್ರಿ ಎಂಬ ಗ್ರಾಮೀಣ ಪ್ರದೇಶದ ಆಸ್ಪತ್ರೆಯಲ್ಲಿ ತೀವ್ರ ಸ್ವರೂಪದ ಔಷಧ ನಿರೋಧಕ ಕ್ಷಯ ಪತ್ತೆಯಾದ 53 ರೋಗಿಗಳ ಕಥೆ 2006ರಲ್ಲಿ ಜಗತ್ತಿಗೆ ತಿಳಿಯಿತು. ಅವರಲ್ಲಿ 52 ಮಂದಿ ತೀರಿಕೊಂಡರು. ಕಫದ ಮಾದರಿ ತೆಗೆದ ದಿನದಿಂದ ಲೆಕ್ಕ ಹಾಕಿದರೆ ಅರ್ಧದಷ್ಟು ಮಂದಿ ಬದುಕಿದ್ದು ಹದಿನಾರೇ ದಿನ. ಅಂದಿನ ಪರೀಕ್ಷೆಯಲ್ಲಿ ಔಷಧ ನಿರೋಧಕತೆಯ ಫಲಿತಾಂಶ ಬರಲು ವಾರಗಟ್ಟಲೆ ಬೇಕಿತ್ತು. ಫಲಿತಾಂಶದ ಕಾಗದ ತಲುಪುವ ಮುನ್ನವೇ ರೋಗಿಯ ಅಂತ್ಯಸಂಸ್ಕಾರ ಮುಗಿದಿರುತ್ತಿತ್ತು. ಅಲ್ಲಿ ಪರೀಕ್ಷೆಗೆ ಒಳಪಟ್ಟ ರೋಗಿಗಳೆಲ್ಲರಲ್ಲಿಯೂ ಎಚ್‌ಐವಿ ಸೋಂಕೂ ಇತ್ತು ಎಂಬುದು ಗಮನಾರ್ಹ. ದೇಹದ ರಕ್ಷಣಾಶಕ್ತಿ ಮೊದಲೇ ಕುಸಿದಿದ್ದಲ್ಲಿ ಬಲಿತ ಕ್ರಿಮಿ ಎಷ್ಟು ವೇಗವಾಗಿ ಕೊಲ್ಲುತ್ತದೆ ಎಂಬುದಕ್ಕೆ ಇದು ಭೀಕರ ಸಾಕ್ಷಿ.

ಇಂದು ಪರಿಸ್ಥಿತಿ ಬದಲಾಗಿದೆ. ಸಿಬಿನ್ಯಾಟ್, ಟ್ರೂನ್ಯಾಟ್‌ನಂತಹ ಯಂತ್ರಗಳು ಕ್ಷಯವಿದೆಯೇ, ಅದು ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂಬುದನ್ನು ಕೆಲವೇ ಗಂಟೆಗಳಲ್ಲಿ ಹೇಳುತ್ತವೆ. ಆದರೆ ಯಂತ್ರದ ಬಳಿಗೆ ರೋಗಿ ತಲುಪಬೇಕಲ್ಲ? 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕ್ಷಯದ ಲಕ್ಷಣಗಳಿದ್ದವರ ಪೈಕಿ ಶೇ. 64ರಷ್ಟು ಮಂದಿ ಯಾವ ವೈದ್ಯರ ಬಳಿಗೂ ಹೋಗಿರಲಿಲ್ಲ. ಇದನ್ನು ಓದಿ ಜನರ ಉದಾಸೀನವನ್ನಷ್ಟೇ ದೂರುವ ಮುನ್ನ ನಮ್ಮದೇ ರಾಜ್ಯದ ಹಳೆಯ ಅಧ್ಯಯನವೊಂದನ್ನು ನೆನಪಿಸಿಕೊಳ್ಳುವುದು ಒಳಿತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ತಜ್ಞರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಆ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಬಹುಪಾಲು ಕ್ಷಯರೋಗಿಗಳಿಗೆ ತಮ್ಮ ಲಕ್ಷಣಗಳ ಅರಿವಿತ್ತು, ಅರ್ಧಕ್ಕಿಂತ ಹೆಚ್ಚು ಮಂದಿ ಚಿಕಿತ್ಸೆಯನ್ನು ಅರಸಿಕೊಂಡೂ ಹೋಗಿದ್ದರು. ಆದರೆ ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಅವರನ್ನು ಮರಳಿ ಕಳುಹಿಸಲಾಗಿತ್ತು. ಜನ ಆಸ್ಪತ್ರೆಯ ಬಾಗಿಲಿಗೆ ಬಂದಾಗ ಆಸ್ಪತ್ರೆ ಅವರನ್ನು ಗುರುತಿಸಲಿಲ್ಲ. ಅರುವತ್ತು ವರ್ಷಗಳ ಬಳಿಕ ಜನರು ಆ ಬಾಗಿಲಿಗೇ ಬರುತ್ತಿಲ್ಲವೆಂದರೆ ಅದಕ್ಕೆ ಕಾರಣ ಅವರ ಅಜ್ಞಾನ ಮಾತ್ರವೇ?

ಎರಡನೆಯ ಅಂಶ ಔಷಧ. 2012ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಮಂಜೂರಾತಿ ಪಡೆದ ಬೆಡಾಕ್ವಿಲಿನ್, ನಾಲ್ಕು ದಶಕಗಳ ಬಳಿಕ ಕ್ಷಯಕ್ಕೆಂದೇ ಬಂದ ಹೊಸ ಬಗೆಯ ಔಷಧವಾಗಿತ್ತು. ಅದರ ಪರಿಣಾಮ ಎಂತಹುದೆಂಬುದಕ್ಕೆ ದಕ್ಷಿಣ ಆಫ್ರಿಕಾದ ದಾಖಲೆಗಳೇ ಸಾಕ್ಷಿ. ಅಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನದಂತೆ, ಈ ಔಷಧವಿಲ್ಲದೆ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು 25 ಮಂದಿ ಸತ್ತರೆ ಔಷಧ ಪಡೆದವರಲ್ಲಿ ಸತ್ತವರು ಸುಮಾರು 13 ಮಂದಿ. ಭಾರತದಲ್ಲಿ ಅದು 2016ರಲ್ಲಿ ಕೇವಲ ಆರು ಕೇಂದ್ರಗಳಲ್ಲಿ ಲಭ್ಯವಾಯಿತು. ಪಟ್ನಾ ಮೂಲದ 18ರ ಹರೆಯದ ಯುವತಿಯೊಬ್ಬಳು ದೆಹಲಿಗೆ ಬಂದಾಗ, ಈ ನಗರದ ನಿವಾಸಿಯಲ್ಲ ಎಂಬ ಕಾರಣಕ್ಕೆ ಆ ಔಷಧವನ್ನು ಆಕೆಗೆ ನಿರಾಕರಿಸಲಾಯಿತು. ತಂದೆ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 2017ರ ಜನವರಿಯಲ್ಲಿ ದಾರಿ ತೆರೆಯಿತು. ಆದರೆ ಅಷ್ಟರಲ್ಲಿ ಆಕೆಯ ಶ್ವಾಸಕೋಶಗಳು ಸರಿಪಡಿಸಲಾಗದಷ್ಟು ಹಾಳಾಗಿದ್ದವು. 2018ರ ಅಕ್ಟೋಬರಿನಲ್ಲಿ ಆಕೆ ಕಣ್ಣುಮುಚ್ಚಿದಳು. ಔಷಧ ಜಗತ್ತಿನಲ್ಲಿತ್ತು, ದೇಶದಲ್ಲಿತ್ತು, ಆಕೆ ನಿಂತಿದ್ದ ನಗರದಲ್ಲಿಯೂ ಇತ್ತು. ಆಕೆಯ ಕೈಗೆ ಮಾತ್ರ ಸಕಾಲದಲ್ಲಿ ಬರಲಿಲ್ಲ.

ಔಷಧ ದುರ್ಲಭವಾಗಲು ಪೇಟೆಂಟ್ ಎಂಬ ಬೇಲಿಯೂ ಕಾರಣವಾಗಿತ್ತು. ಬೆಡಾಕ್ವಿಲಿನ್‌ನ ಮೂಲ ಪೇಟೆಂಟ್ 2023ರ ಜುಲೈಯಲ್ಲಿ ಮುಗಿಯಬೇಕಿತ್ತು. ಕಂಪೆನಿಯು ಅದನ್ನು ಇನ್ನಷ್ಟು ವರ್ಷ ಮುಂದುವರಿಸಲು ಅರ್ಜಿ ಹಾಕಿತು. ಅದನ್ನು ಪ್ರಶ್ನಿಸಿದವರು ಮುಂಬೈಯ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೇಝಾ ಟಿಸಿಲೆ ಎಂಬ ಇಬ್ಬರು ಮಹಿಳೆಯರು. ಇಬ್ಬರೂ ಕ್ಷಯವನ್ನು ಗೆದ್ದವರು, ಮತ್ತು ಹಳೆಯ ಚುಚ್ಚುಮದ್ದುಗಳ ಅಡ್ಡಪರಿಣಾಮದಿಂದ ಶ್ರವಣಶಕ್ತಿಯನ್ನು ಕಳಕೊಂಡವರು. 2023ರ ಮಾರ್ಚ್‌ನಲ್ಲಿ ಭಾರತದ ಪೇಟೆಂಟ್ ಕಚೇರಿ ಕಂಪೆನಿಯ ಅರ್ಜಿಯನ್ನು ತಿರಸ್ಕರಿಸಿತು. ತಾವು ಅನುಭವಿಸಿದ್ದನ್ನು ಇನ್ನೊಬ್ಬರು ಅನುಭವಿಸಬಾರದೆಂದು ಹೊರಟ ಇಬ್ಬರು ಯುವತಿಯರು, ದೊಡ್ಡ ದೊಡ್ಡ ಸರಕಾರಗಳು ಮಾಡದ ಕೆಲಸವನ್ನು ಮಾಡಿ ತೋರಿಸಿದರು.

ಅಡ್ಡಪರಿಣಾಮದ ಈ ವಿಷಯ ಲಘುವಾದುದಲ್ಲ. ಚಿಕಿತ್ಸೆಯನ್ನು ನಡುವೆ ಬಿಡುವವರೆಲ್ಲ ಬೇಜವಾಬ್ದಾರಿಗಳು ಎನ್ನುವವರು ಅವರು ನುಂಗುವ ಮಾತ್ರೆಗಳನ್ನೊಮ್ಮೆ ಎಣಿಸಬೇಕು. ಹಳೆಯ ಕ್ರಮದಲ್ಲಿ ಎರಡು ವರ್ಷದವರೆಗೆ, ಸಾವಿರಾರು ಮಾತ್ರೆ, ತಿಂಗಳುಗಟ್ಟಲೆ ನೋವಿನ ಚುಚ್ಚುಮದ್ದು. ವಾಕರಿಕೆ, ಕಿವುಡು, ಕೈಕಾಲುಗಳ ಜೋಮು, ರಕ್ತಹೀನತೆ, ಕೆಲವರಲ್ಲಿ ಮಾನಸಿಕ ಕ್ಷೋಭೆ. ಇಂದು ಇದಕ್ಕೆ ಪರಿಹಾರ ಬಂದಿದೆ. ಬೆಡಾಕ್ವಿಲಿನ್, ಪ್ರಿಟೋಮ್ಯಾನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಾಸಿನ್ ಎಂಬ ನಾಲ್ಕು ಔಷಧಗಳ, ಚುಚ್ಚುಮದ್ದಿಲ್ಲದ ಆರು ತಿಂಗಳ ಚಿಕಿತ್ಸೆಯಿಂದ ಶೇ. 89ರಷ್ಟು ಮಂದಿ ಗುಣ ಹೊಂದಿದರೆಂದು 2022ರಲ್ಲಿ ಪ್ರಕಟವಾದ ಪ್ರಯೋಗ ತಿಳಿಸಿತು. ಹಳೆಯ ಕ್ರಮದಲ್ಲಿ ಅದು ಶೇ. 52 ಮಾತ್ರವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಇದನ್ನು ಶಿಫಾರಸು ಮಾಡಿತು. ಭಾರತ ಸರಕಾರ ಒಪ್ಪಿಗೆ ಕೊಟ್ಟದ್ದು 2024ರ ಸೆಪ್ಟೆಂಬರಿನಲ್ಲಿ. ಇನ್ನೊಂದೆಡೆ, 2024ರ ಮಾರ್ಚ್‌ನಲ್ಲಿ ಸಾಮಾನ್ಯ ಕ್ಷಯದ ಔಷಧಗಳ ದಾಸ್ತಾನೇ ಸಾಲದಾಗಿ, ಸ್ಥಳೀಯವಾಗಿ ಖರೀದಿಸಿಕೊಳ್ಳಿ ಎಂದು ಕೇಂದ್ರವು ರಾಜ್ಯಗಳಿಗೆ ಪತ್ರ ಬರೆಯಬೇಕಾಯಿತು. ಮಾತ್ರೆ ತಪ್ಪಿಸಬೇಡ ಎಂದು ರೋಗಿಗೆ ಉಪದೇಶಿಸುವ ಸರಕಾರ ತಾನೇ ಮಾತ್ರೆ ತಪ್ಪಿಸಿದರೆ ಅದಕ್ಕೆ ಉಪದೇಶಿಸುವವರು ಯಾರು?

ಮೂರನೆಯ ಅಂಶ ಅನ್ನ. ಬಹುಶಃ ಎಲ್ಲಕ್ಕಿಂತ ಮುಖ್ಯವಾದುದೂ ಇದುವೇ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಗಿ ಜಗತ್ತಿನ ಗಮನ ಸೆಳೆಯಿತು. 2,800 ಕ್ಷಯರೋಗಿಗಳಿಗೆ ಪ್ರತಿ ತಿಂಗಳು ಸುಮಾರು ಹತ್ತು ಕಿಲೋ ಆಹಾರದ ಪೊಟ್ಟಣವನ್ನು ಕೊಡಲಾಯಿತು. ಸಾಮಾನ್ಯ ರೋಗಿಗಳಿಗೆ ಆರು ತಿಂಗಳು, ಔಷಧ ನಿರೋಧಕ ಕ್ಷಯದವರಿಗೆ ಒಂದು ವರ್ಷ. ಆ ರೋಗಿಗಳಲ್ಲಿ ಐವರಲ್ಲಿ ನಾಲ್ವರಿಗಿಂತಲೂ ಹೆಚ್ಚು ಮಂದಿ ಇರಬೇಕಾದುದಕ್ಕಿಂತ ಕಡಿಮೆ ತೂಕದವರಾಗಿದ್ದರು. ಮೊದಲ ಎರಡು ತಿಂಗಳಲ್ಲಿ ದೇಹದ ತೂಕ ಶೇ. 5ರಷ್ಟು ಹೆಚ್ಚಿದವರಲ್ಲಿ ಸಾವಿನ ಅಪಾಯ ಸುಮಾರು ಶೇ. 60ರಷ್ಟು ಕಡಿಮೆಯಾಯಿತು. ಕೆಲವು ರೋಗಿಗಳ ಮನೆಮಂದಿಗೂ ತಲಾ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಮತ್ತು ಪೋಷಕಾಂಶಗಳ ಮಾತ್ರೆ ಕೊಡಲಾಯಿತು. ಅಂತಹ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವ ಪ್ರಮಾಣ ಶೇ. 39ರಷ್ಟು ಇಳಿಯಿತು. ಯಾವ ಹೊಸ ಯಂತ್ರವೂ ಇಲ್ಲ, ಯಾವ ದುಬಾರಿ ಔಷಧವೂ ಇಲ್ಲ. ಬರೇ ಅಕ್ಕಿ, ಬೇಳೆ! ಔಷಧ ನಿರೋಧಕ ಕ್ಷಯದ ಕುರಿತಾದ ಅಧ್ಯಯನಗಳೂ ಇದನ್ನೇ ಹೇಳುತ್ತವೆ: ಚಿಕಿತ್ಸೆ ಆರಂಭಿಸುವಾಗ ದೇಹ ಎಷ್ಟು ಸೊರಗಿರುತ್ತದೋ ಸಾವಿನ ಅಪಾಯ ಅಷ್ಟು ಹೆಚ್ಚು.

ಹಾಗಾದರೆ ಸರಕಾರ ರೋಗಿಯ ತಟ್ಟೆಗೆ ಏನು ಹಾಕುತ್ತಿದೆ? 2018ರ ಎಪ್ರಿಲ್‌ನಲ್ಲಿ ಆರಂಭವಾದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 500 ರೂಪಾಯಿ ನಿಗದಿಯಾಗಿತ್ತು. ದಿನಕ್ಕೆ ಹದಿನೇಳು ರೂಪಾಯಿಯೂ ಆಗದು. 2024ರ ನವೆಂಬರಿನಿಂದ ಅದನ್ನು ಸಾವಿರಕ್ಕೆ ಏರಿಸಲಾಗಿದೆ. ಏರಿಕೆ ಸ್ವಾಗತಾರ್ಹ. ಆದರೆ ದಿನಕ್ಕೆ 33 ರೂಪಾಯಿಯಲ್ಲಿ ದುಡಿಯಲಾಗದ ರೋಗಿಯೂ ಅವನನ್ನೇ ನಂಬಿದ ಸಂಸಾರವೂ ಏನನ್ನು ತಿನ್ನಬೇಕು? ಅದರ ಮೇಲೆ, ಔಷಧ ಉಚಿತವಾದರೂ ರೋಗ ಉಚಿತವಲ್ಲ. ಹೋಗಿ ಬರುವ ಬಸ್ಸಿನ ದರ, ಹೊರಗಡೆ ಮಾಡಿಸುವ ಸ್ಕ್ಯಾನ್, ಕಳೆದುಹೋದ ಕೂಲಿ, ಅಡವಿಟ್ಟ ಒಡವೆ ಇವನ್ನೆಲ್ಲ ಯಾವ ಯೋಜನೆಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕುಟುಂಬವನ್ನು ಸಾಕಲೆಂದು ರೋಗಿ ಬೇಗನೆ ದುಡಿಮೆಗೆ ಮರಳುತ್ತಾನೆ. ಮಾತ್ರೆ ತಪ್ಪುತ್ತದೆ, ಕ್ರಿಮಿ ಇನ್ನಷ್ಟು ಬಲಿಯುತ್ತದೆ. ಮಧುಮೇಹ, ತಂಬಾಕು, ಮದ್ಯಪಾನ ಜೊತೆಗೂಡಿದರಂತೂ ಅಪಾಯ ಇಮ್ಮಡಿಸುತ್ತದೆ. ಮಧುಮೇಹ ಮನೆಮನೆಯ ಮಾತಾಗಿರುವ ನಮ್ಮ ಪಟ್ಟಣಗಳಲ್ಲಿ ಕ್ಷಯರೋಗಿಯ ರಕ್ತದ ಸಕ್ಕರೆಯನ್ನು ಪರೀಕ್ಷಿಸುವುದು ಎಷ್ಟು ಮುಖ್ಯವೋ, ಎರಡು ವಾರ ಬಿಡದೆ ಕೆಮ್ಮುವ ಮಧುಮೇಹಿಯ ಕಫವನ್ನು ಪರೀಕ್ಷಿಸುವುದೂ ಅಷ್ಟೇ ಮುಖ್ಯ.

ಕೊನೆಯದು, ಮನೆ ಮತ್ತು ಸಮಾಜ. ಇಲ್ಲಿ ಸರಕಾರವನ್ನು ದೂರಿ ನಾವು ಜಾರಿಕೊಳ್ಳುವಂತಿಲ್ಲ. ಕ್ಷಯ ಬಂದಿರುವುದು ಮಗಳಿಗಾದರೆ ಮದುವೆ ಸಂಬಂಧ ತಪ್ಪೀತೆಂದು ಮುಚ್ಚಿಡುವವರು, ಸೊಸೆಗಾದರೆ ತವರಿಗೆ ಅಟ್ಟುವವರು ನಮ್ಮ ನಡುವೆ ಇಲ್ಲವೇ? ನೆರೆಯವರು ಕಂಡಾರೆಂದು ಹತ್ತಿರದ ಆರೋಗ್ಯ ಕೇಂದ್ರವನ್ನು ಬಿಟ್ಟು ದೂರದ ಊರಿನಲ್ಲಿ ಗುಟ್ಟಾಗಿ ಔಷಧ ಪಡೆಯುವವರಿದ್ದಾರೆ. ಹಾಗೆ ಪಡೆಯುವ ಔಷಧ ಎಷ್ಟು ಕಾಲ ನಡೆದೀತು? ರೋಗಿಯ ತಟ್ಟೆ ಲೋಟವನ್ನು ಬೇರೆಯಿಡುವುದರಲ್ಲಿ ನಾವು ತೋರುವ ಜಾಗ್ರತೆಯನ್ನು ಕಿಟಕಿ ತೆರೆದಿಡುವುದರಲ್ಲಿ ತೋರುವುದಿಲ್ಲ. ಆದರೆ ಕ್ಷಯ ಹರಡುವುದು ಪಾತ್ರೆಯಿಂದಲ್ಲ, ಗಾಳಿಯಿಂದ. ಮನೆಯೊಳಗೆ ಗಾಳಿ ಬೆಳಕು ಆಡಬೇಕು. ರೋಗಿ ಕೆಮ್ಮುವಾಗ ಬಾಯಿ ಮುಚ್ಚಿಕೊಳ್ಳಬೇಕು, ಆರಂಭದ ದಿನಗಳಲ್ಲಿ ಮಾಸ್ಕ್ ಧರಿಸಬೇಕು. ಜೊತೆಗಿರುವವರೆಲ್ಲರೂ, ವಿಶೇಷತಃ ಮಕ್ಕಳು, ಪರೀಕ್ಷೆ ಮಾಡಿಸಿಕೊಳ್ಳಬೇಕು. ಕ್ರಿಮಿಗೆ ತಕ್ಕ ಔಷಧ ಸಿಕ್ಕಿದರೆ ಹರಡುವ ಶಕ್ತಿ ಬೇಗನೆ ಕುಂದುತ್ತದೆ. ಚಿಕಿತ್ಸೆ ಪಡೆಯುತ್ತಿರುವ ರೋಗಿಗಿಂತ, ರೋಗವನ್ನು ಬಚ್ಚಿಟ್ಟುಕೊಂಡವನಿಂದಲೇ ಸಮಾಜಕ್ಕೆ ಹೆಚ್ಚು ಅಪಾಯ. ಅವನು ಬಚ್ಚಿಡುವಂತೆ ಮಾಡಿದ್ದು ಸಮಾಜವೇ ಎಂಬುದನ್ನು ಮರೆಯಬಾರದು.

ರಮಝಾನ್ ತಿಂಗಳ ಕುರಿತೂ ಒಂದು ಮಾತು ಹೇಳಬೇಕಾಗಿದೆ. ಉಪವಾಸದ ಹುಮ್ಮಸ್ಸಿನಲ್ಲಿ ಹಗಲಿನ ಮಾತ್ರೆಗಳನ್ನು ಬಿಟ್ಟುಬಿಡುವ ಅಥವಾ ತಮ್ಮಷ್ಟಕ್ಕೆ ಸಮಯ ಬದಲಿಸಿಕೊಳ್ಳುವ ರೋಗಿಗಳಿದ್ದಾರೆ. ಔಷಧ ನಿರೋಧಕ ಕ್ಷಯದಲ್ಲಿ ಇದು ಪ್ರಾಣಾಪಾಯಕ್ಕೆ ದಾರಿಯಾದೀತು. ಬೆಡಾಕ್ವಿಲಿನ್‌ನಂತಹ ಔಷಧವನ್ನು ಆಹಾರದೊಂದಿಗೇ ಸೇವಿಸಬೇಕಾಗುತ್ತದೆ. ರೋಗಿಗೆ ಉಪವಾಸದಿಂದ ವಿನಾಯಿತಿಯನ್ನು ಕೊಟ್ಟಿರುವುದು ಧರ್ಮವೇ ಆಗಿರುವಾಗ, ಅದನ್ನು ಬಳಸಿಕೊಳ್ಳುವುದರಲ್ಲಿ ಸಂಕೋಚವೇಕೆ? ವೈದ್ಯರನ್ನು ಕೇಳದೆ ಇಂತಹ ನಿರ್ಧಾರ ಕೈಗೊಳ್ಳಬಾರದೆಂದು ಜುಮಾ ಪ್ರವಚನಗಳಲ್ಲಿ ಹೇಳುವ ಖತೀಬರು ಹೆಚ್ಚಬೇಕಾಗಿದೆ. ಹಾಗೆಯೇ ಕ್ಷಯರೋಗಿಗೆ ಆಹಾರದ ನೆರವು ನೀಡಲು 2022ರಿಂದ ನಿಕ್ಷಯ್ ಮಿತ್ರ ಎಂಬ ವ್ಯವಸ್ಥೆಯಿದೆ. ವ್ಯಕ್ತಿಗಳಿಗೂ ಸಂಘಟನೆಗಳಿಗೂ ಅದರಲ್ಲಿ ಅವಕಾಶವಿದೆ. ಮದುವೆಯ ಔತಣವೊಂದಕ್ಕೆ ಸುರಿಯುವ ಹಣದಲ್ಲಿ ಊರಿನ ಎಷ್ಟು ರೋಗಿಗಳ ಒಂದು ವರ್ಷದ ಅಕ್ಕಿ ಬೇಳೆ ಆಗಬಹುದೆಂದು ನಮ್ಮ ಜಮಾಅತ್ ಕಮಿಟಿಗಳು ಒಮ್ಮೆ ಲೆಕ್ಕ ಹಾಕಲಿ. ರೋಗಿ ಯಾವ ಧರ್ಮದವನೆಂದು ಕ್ರಿಮಿ ಕೇಳುವುದಿಲ್ಲ. ಪೊಟ್ಟಣ ಕೊಡುವವರೂ ಕೇಳಬಾರದು.

2025ರೊಳಗೆ ದೇಶವನ್ನು ಕ್ಷಯಮುಕ್ತಗೊಳಿಸುತ್ತೇವೆಂದು ಪ್ರಧಾನಿಯವರು 2018ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಘೋಷಿಸಿದ್ದರು. ಜಗತ್ತು 2030ರ ಗುರಿ ಇಟ್ಟುಕೊಂಡಿದ್ದಾಗ ನಾವು ಐದು ವರ್ಷ ಮೊದಲೇ ಗೆಲ್ಲುತ್ತೇವೆಂಬುದು ಹೆಮ್ಮೆಯ ಮಾತಾಗಿತ್ತು. 2015ರಲ್ಲಿ ಲಕ್ಷಕ್ಕೆ 237 ಇದ್ದ ಹೊಸ ರೋಗಿಗಳ ಪ್ರಮಾಣ 2024ರಲ್ಲಿ 187ಕ್ಕೆ ಇಳಿದಿದೆ. ಇಳಿಕೆ ಚಿಕ್ಕದಲ್ಲ, ಜಗತ್ತಿನ ಸರಾಸರಿಗಿಂತ ಮೇಲು ಎಂಬುದನ್ನು ಒಪ್ಪಿಕೊಳ್ಳಬೇಕು. ಅದಕ್ಕಾಗಿ ದುಡಿದ ಆಶಾ ಕಾರ್ಯಕರ್ತೆಯರನ್ನೂ ಆರೋಗ್ಯ ಸಿಬ್ಬಂದಿಯನ್ನೂ ಅಭಿನಂದಿಸಬೇಕು. ಆದರೆ ಗುರಿಯಿದ್ದದ್ದು ಶೇ. 80ರಷ್ಟು ಇಳಿಕೆಗೆ, ಸಾಧಿಸಿದ್ದು ಶೇ. 21. ಈ ಅಂತರವನ್ನು ಇನ್ನೊಂದು ಘೋಷಣೆಯಿಂದ ತುಂಬಲಾಗದು. ಹೊಸ ಆರು ತಿಂಗಳ ಚಿಕಿತ್ಸೆ ತಾಲೂಕು ಆಸ್ಪತ್ರೆಯವರೆಗೆ ತಲುಪಲಿ. ಔಷಧದ ದಾಸ್ತಾನು ಒಂದು ದಿನವೂ ಬರಿದಾಗದಿರಲಿ. ಪ್ರತಿಯೊಬ್ಬ ರೋಗಿಯ ಕಫವನ್ನು ಮೊದಲ ದಿನವೇ ಔಷಧ ನಿರೋಧಕತೆಗಾಗಿ ಪರೀಕ್ಷಿಸಲಿ. ಹಣದ ಜೊತೆಗೆ ಪಡಿತರ ಅಂಗಡಿಯ ಮೂಲಕ ಬೇಳೆ, ಎಣ್ಣೆ, ಮೊಟ್ಟೆಯೂ ರೋಗಿಯ ಮನೆಗೆ ಸೇರಲಿ. ಇವ್ಯಾವುವೂ ಅಸಾಧ್ಯವಾದ ಬೇಡಿಕೆಗಳಲ್ಲ.

ಸಕಾಲದ ಪರೀಕ್ಷೆ, ತಪ್ಪದ ಔಷಧ, ತುಂಬಿದ ತಟ್ಟೆ, ಕೈಬಿಡದ ಮನೆ ಈ ನಾಲ್ಕೂ ಇದ್ದಲ್ಲಿ ಬಲಿತ ಕ್ರಿಮಿಯೂ ಸೋಲುತ್ತದೆ. ಇವುಗಳಲ್ಲಿ ಒಂದು ತಪ್ಪಿದರೂ ರೋಗಿ ಸೋಲಬಹುದು. ಮೊದಲಿನೆರಡು ಸರಕಾರದ ಹೊಣೆ. ಮೂರನೆಯದು ಸರಕಾರ ಮತ್ತು ಸಮಾಜ ಇಬ್ಬರದೂ. ನಾಲ್ಕನೆಯದಕ್ಕೆ ಮಾತ್ರ ನಾವು ಯಾರ ಆದೇಶಕ್ಕೂ ಅನುದಾನಕ್ಕೂ ಕಾಯಬೇಕಾಗಿಲ್ಲ. ಅದು ನಮ್ಮದೇ ಮನೆಯ ಬಾಗಿಲಿನಿಂದ, ಇಂದಿನಿಂದಲೇ ಆರಂಭವಾಗಬಹುದು.